ಮೃದಂಗ ಗುಂಯ್‌ಗುಡುವ ಕೋಣೆಗೆ ಡಿಎಸ್‌ಪಿ ಏನು ಮಾಡೀತು?

ಪ್ರಶ್ನೆ: ಸಾರ್, ನಾನು ನಿವೃತ್ತ ಮೇಷ್ಟ್ರು, ವಯಸ್ಸು 61. ಮೈಸೂರಿನ ಕುವೆಂಪುನಗರದಲ್ಲಿ ಮನೆ. ಸಂಗೀತ ಕೇಳಲಿಕ್ಕೆಂದೇ ಒಂದು ರೂಮು ಇಟ್ಟುಕೊಂಡಿದ್ದೇನೆ: 12 ಅಡಿ ಉದ್ದ, 10 ಅಡಿ ಅಗಲ, ಎತ್ತರವೂ 10 ಅಡಿ. 5 ಇಂಚು ವೂಫರಿನ ಬುಕ್‌ಶೆಲ್ಫ್ ಸ್ಪೀಕರ್ ಜೋಡಿ, ಒಂದು ಸ್ಟೀರಿಯೊ ಆಂಪ್ಲಿಫೈಯರ್, ವಿಂಡೋಸ್ ಲ್ಯಾಪ್‌ಟಾಪ್ ಇವೆ. ಕಚೇರಿ ಹಾಕಿದರೆ ಮೃದಂಗದ ಎಡಭಾಗ ಗುಂಯ್ ಅಂತ ಊದಿಕೊಂಡು ಹಾಡುಗಾರಿಕೆ ಹಿಂದೆ ಸರಿಯುತ್ತದೆ. ರಾತ್ರಿ ಮನೆಯವರು ಮಲಗಿದ ಮೇಲೆ ಸಣ್ಣಗೆ ಇಟ್ಟರೆ ಎಲ್ಲ ಸಪ್ಪೆ. ಅಂಗಡಿಯವರು ಕೇಬಲ್, ಡ್ಯಾಕ್ ಬದಲಾಯಿಸಿ ಅಂತಾರೆ. ಮಗ ಡಿಎಸ್‌ಪಿ ಹಾಕಿಕೊಳ್ಳಿ ಅಂತಾನೆ. ಗೆಳೆಯರೊಬ್ಬರು ಅದು ಹಾಲಿಗೆ ನೀರು ಬೆರೆಸಿದ ಹಾಗೆ ಅಂತಾರೆ. ಯಾರ ಮಾತು ಕೇಳಲಿ? ಹಳೇ ಧ್ವನಿಮುದ್ರಣಗಳ ಸರಸರ ಸದ್ದಿಗೂ ಏನಾದರೂ ದಾರಿ ಉಂಟೆ? ಟಿವಿಯನ್ನೂ ಇದೇ ಸ್ಪೀಕರಿಗೆ ಸೇರಿಸಬೇಕೆಂದಿದ್ದೇನೆ. ರೂಮಿನ ಫೋಟೊ ಕಳಿಸಿದ್ದೇನೆ.

ಉತ್ತರ: ಮಗನ ಮಾತು ಕೇಳಿ. ಡಿಎಸ್‌ಪಿ ಅಂದರೆ ಡಿಜಿಟಲ್ ಸಿಗ್ನಲ್ ಪ್ರೊಸೆಸಿಂಗ್, ಅಂಕಿಗಳ ರೂಪದಲ್ಲಿರುವ ಸದ್ದನ್ನು ಲೆಕ್ಕ ಹಾಕಿ ತಿದ್ದುವುದು. ಆದರೆ ಅದಕ್ಕೆ ನಿಮ್ಮ ರೂಮಿನಲ್ಲಿ ಒಂದೇ ಕೆಲಸ ಕೊಡಿ: ಸುಮಾರು 250 ಹರ್ಟ್ಜ್‌ನ (ಅಂದರೆ ಸೆಕೆಂಡಿಗೆ 250 ಕಂಪನದ) ಕೆಳಗೆ ಎಲ್ಲೆಲ್ಲಿ ಸದ್ದು ಉಬ್ಬಿದೆಯೋ ಅಷ್ಟನ್ನು ಕಡಿಯುವುದು. ಅದರಿಂದ ಮೇಲಿನದಕ್ಕೆ ಕೈ ಹಾಕಬೇಡಿ. ತಗ್ಗಿರುವುದನ್ನು ಎತ್ತಲು ಹೋಗಲೇಬೇಡಿ. ಕೇಬಲ್ ಬದಲಾಯಿಸುವುದರಿಂದ ಮೃದಂಗಕ್ಕೆ ಏನೂ ಆಗುವುದಿಲ್ಲ. ಡ್ಯಾಕ್, ಅಂದರೆ ಅಂಕಿಗಳ ರೂಪದ ಸಂಗೀತವನ್ನು ಆಂಪ್ಲಿಫೈಯರಿಗೆ ಬೇಕಾದ ವಿದ್ಯುತ್ ಅಲೆಯಾಗಿಸುವ ಸಾಧನ, ಬೇಕೇ ಬೇಡವೇ ಅನ್ನುವುದನ್ನು ಹೀಗೆ ನೋಡಿ: ಲ್ಯಾಪ್‌ಟಾಪಿನ ಇಯರ್‌ಫೋನ್ ತೂತಿನಿಂದ ತಂತಿ ಎಳೆದಿದ್ದು, ಮೌಸ್ ಆಡಿಸಿದಾಗಲೆಲ್ಲ ಸ್ಪೀಕರಿನಲ್ಲಿ ಕರಕರ ಕೇಳಿಸಿದರೆ ಸಾಧಾರಣ ಬೆಲೆಯ ಒಂದು ಯುಎಸ್‌ಬಿ ಡ್ಯಾಕ್ ತಗೊಳ್ಳಿ. ಕೇಳಿಸದಿದ್ದರೆ ಆ ದುಡ್ಡು ಜೇಬಿನಲ್ಲೇ ಇರಲಿ, ಮುಂದೆ ಮೈಕಿಗೆ ಬೇಕಾಗುತ್ತದೆ.

ಮೊದಲು ನಿಮ್ಮ ರೂಮಿನ ಜಾತಕ ನೋಡೋಣ. 25 ಡಿಗ್ರಿ ಉಷ್ಣತೆಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 346 ಮೀಟರ್ ಓಡುತ್ತದೆ. ಎದುರುಬದುರು ಎರಡು ಗೋಡೆಗಳ ನಡುವೆ ಅಲೆಯ ಅರ್ಧ ಭಾಗ ಸರಿಯಾಗಿ ಹಿಡಿಸುವ ಆವರ್ತದಲ್ಲಿ ರೂಮು ತಾನೇ ದನಿಗೂಡಿಸತೊಡಗುತ್ತದೆ. ಲೆಕ್ಕ ಸುಲಭ: 346ನ್ನು ಗೋಡೆಗಳ ಅಂತರದ ಎರಡರಷ್ಟರಿಂದ ಭಾಗಿಸಿ. 12 ಅಡಿ ಅಂದರೆ 3.66 ಮೀಟರ್, ಉತ್ತರ 47 ಹರ್ಟ್ಜ್. 10 ಅಡಿ ಅಂದರೆ 3.05 ಮೀಟರ್, 57 ಹರ್ಟ್ಜ್. ಎತ್ತರವೂ 10 ಅಡಿ, ಮತ್ತೆ ಅದೇ 57. ನಿಮ್ಮ ರೂಮಿನ ದೋಷ ಇಲ್ಲೇ ಇದೆ. ಅಗಲ, ಎತ್ತರ ಎರಡೂ ಒಂದೇ ಸ್ವರದಲ್ಲಿ ಕೂಡಿಕೊಂಡು 57ನ್ನು ಇಮ್ಮಡಿ ಬಲದಿಂದ ನುಡಿಸುತ್ತಿವೆ. ಅದರ ದುಪ್ಪಟ್ಟು 113ರಲ್ಲೂ ಅದೇ ಜೋಡಿ. ನಾಲ್ಕು ಗೋಡೆ ಸುತ್ತುವ ಅಲೆಗಳನ್ನು ಸೇರಿಸಿದರೆ 74ರಲ್ಲಿ, 80ರಲ್ಲಿ ಇನ್ನಷ್ಟು. ಮೃದಂಗದ ಎಡಭಾಗದ ಸದ್ದು ಈ ಸೀಮೆಯಲ್ಲೇ ಓಡಾಡುವುದು. ಎಡಭಾಗದ ಚರ್ಮದ ಮೇಲೆ ಅಂಗೈ ಒತ್ತಿ ಗುಮ್ಕಿ ಜಾರಿಸಿದಾಗಂತೂ ಇವುಗಳಲ್ಲಿ ಒಂದನ್ನಾದರೂ ಅದು ತಟ್ಟದೆ ಬಿಡುವುದಿಲ್ಲ. ತಟ್ಟಿದ ಕ್ಷಣ ರೂಮು ಆ ಸ್ವರವನ್ನು ಹಿಡಿದು ಎಳೆಯುತ್ತದೆ. ವಿದ್ವಾಂಸರು ಕೈ ಎತ್ತಿದ ಮೇಲೂ ಗೋಡೆಗಳು ಬಾರಿಸುತ್ತಲೇ ಇರುತ್ತವೆ. ವೀಣೆ ಕೇಳುವವರಾದರೆ ಇದನ್ನು ಅಲ್ಲೂ ಗಮನಿಸಿರುತ್ತೀರಿ: ಷಡ್ಜ 165 ಹರ್ಟ್ಜ್ ಆಸುಪಾಸು ಇದ್ದರೆ ಅನುಮಂದ್ರ ಪಂಚಮದ ತಂತಿ 62ರ ಹತ್ತಿರ ಬರುತ್ತದೆ, ಅಂದರೆ 57ರ ಪಕ್ಕದ ಮನೆ.

ಇನ್ನು ನಿಮ್ಮ ಫೋಟೊ. ದಿವಾನ್ ಹಿಂದಿನ ಗೋಡೆಗೆ ಅಂಟಿಕೊಂಡಿದೆ. ನಮ್ಮೂರಿನ ಎಲ್ಲ ಮನೆಗಳಲ್ಲೂ ಹಾಗೇ, ನಡುಮನೆಯಲ್ಲಿ ಓಡಾಡಲು ಜಾಗ ಬೇಕಲ್ಲ. ಆದರೆ ತಗ್ಗು ಸ್ವರದ ಒತ್ತಡ ಅತಿ ಹೆಚ್ಚಿರುವುದು ಗೋಡೆಯ ಬುಡದಲ್ಲೇ, ಉದ್ದದ ದಿಕ್ಕಿನ ಎಲ್ಲ ಅನುರಣನಗಳೂ ಅಲ್ಲಿ ತುತ್ತತುದಿಯಲ್ಲಿರುತ್ತವೆ. ಹಾಗಂತ ರೂಮಿನ ನಟ್ಟನಡುವೆ ಕೂತರೆ 47 ಪೂರ್ತಿ ಮಾಯವಾಗಿ ಸಂಗೀತ ಬಡಕಲಾಗುತ್ತದೆ. ಹಿಂದಿನ ಗೋಡೆಯಿಂದ ನಾಲ್ಕೂವರೆ ಅಡಿ ಮುಂದೆ ಒಂದು ಕುರ್ಚಿ ಹಾಕಿ ಶುರು ಮಾಡಿ. ಅಷ್ಟು ಜಾಗ ಬಿಡಲಾಗದಿದ್ದರೆ ಎರಡು ಅಡಿಯಾದರೂ ಸರಿಯಿರಿ. ಕೇಳುತ್ತಾ ಅರ್ಧರ್ಧ ಅಡಿ ಹಿಂದೆಮುಂದೆ ಸರಿದು ನೋಡಿ. ಕುರ್ಚಿ ಎಳೆಯುವುದಕ್ಕೆ ಕಾಸು ಬೇಡ, ಇದರಿಂದ ಆಗುವ ಬದಲಾವಣೆ ಯಾವ ಡ್ಯಾಕಿನಿಂದಲೂ ಆಗದು.

ಸ್ಪೀಕರಿಗೂ ಗೋಡೆಯ ಗ್ರಹಚಾರ ಇದೆ. ಸ್ಪೀಕರಿನ ಮುಂಭಾಗದಿಂದ ಅದರ ಬೆನ್ನ ಹಿಂದಿನ ಗೋಡೆಗೆ ಎರಡು ಅಡಿ ಇದ್ದರೆ, ಗೋಡೆಗೆ ಬಡಿದು ಮರಳಿ ಬಂದ ಅಲೆ 142 ಹರ್ಟ್ಜ್ ಹತ್ತಿರ ನೇರ ಬಂದ ಅಲೆಗೆ ಉಲ್ಟಾ ಆಗಿ ಎರಡೂ ಒಂದನ್ನೊಂದು ನುಂಗುತ್ತವೆ. ಗಂಡು ದನಿಯ ಕಚೇರಿಯಲ್ಲಿ ಶ್ರುತಿ ಸಿ ಶಾರ್ಪ್ ಇದ್ದರೆ ಷಡ್ಜ ಸುಮಾರು 139. ನಿಮ್ಮ ಹಾಡುಗಾರರು ಹಿಂದೆ ಸರಿದದ್ದಕ್ಕೆ ಮೃದಂಗ ಒಂದೇ ಕಾರಣ ಆಗಿರಲಾರದು, ಷಡ್ಜದ ಬುಡಕ್ಕೇ ಈ ಗುಂಡಿ ಬಿದ್ದಿರಬಹುದು. ಸ್ಪೀಕರನ್ನು ಗೋಡೆಗೆ ಹತ್ತಿರ ಒತ್ತಿ, ಅಂತರ ಒಂದು ಅಡಿಗೆ ಇಳಿದರೆ ಗುಂಡಿ 284ಕ್ಕೆ ಏರುತ್ತದೆ, ಬಲವೂ ತಗ್ಗುತ್ತದೆ. ಹತ್ತಿರ ಒತ್ತಿದ್ದಕ್ಕೆ ಬಾಸ್ ಇನ್ನೂ ಉಬ್ಬುತ್ತದೆ, ನಿಜ. ಆದರೆ ಉಬ್ಬನ್ನು ಡಿಎಸ್‌ಪಿಯಿಂದ ಕಡಿಯಬಹುದು. ಗುಂಡಿ ತುಂಬಲು ಅದರ ಕೈಲಾಗದು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಎಲ್ಲರೂ ಎಡವುವುದು ಇಲ್ಲೇ. 142ರಲ್ಲಿ 10 ಡೆಸಿಬೆಲ್ ಕೊರತೆ ಇದೆ ಅಂತ ಈಕ್ವಲೈಸರಿನಲ್ಲಿ (ಬೇರೆ ಬೇರೆ ಆವರ್ತಗಳ ಮಟ್ಟವನ್ನು ಏರಿಸಿ ಇಳಿಸುವ ಸಾಧನ) 10 ಡೆಸಿಬೆಲ್ ಎತ್ತಿದರೆ ಆ ಸ್ವರಕ್ಕೆ ಆಂಪ್ಲಿಫೈಯರ್ ಹತ್ತು ಪಟ್ಟು ವಾಟ್ ಸುರಿಯಬೇಕು. ನೇರ ಅಲೆ ಏರುತ್ತದೆ, ಜೊತೆಗೆ ಗೋಡೆಯಿಂದ ಮರಳುವ ಅಲೆಯೂ ಅಷ್ಟೇ ಏರುತ್ತದೆ, ಎರಡೂ ಮತ್ತೆ ನುಂಗಿಕೊಳ್ಳುತ್ತವೆ. ಗುಂಡಿ ಇದ್ದಲ್ಲೇ ಇರುತ್ತದೆ, ವೂಫರಿನ ಕಾಯಿಲ್ ಮಾತ್ರ ಬಿಸಿಯಾಗುತ್ತದೆ.

ಕುರ್ಚಿ, ಸ್ಪೀಕರ್ ಒಂದು ನೆಲೆಗೆ ಬಂದ ಮೇಲೆ ಅಳತೆ. ನನ್ನ ಲೆಕ್ಕ ಇಟ್ಟಿಗೆ ಗೋಡೆಯ ಖಾಲಿ ಪೆಟ್ಟಿಗೆಯದು. ನಿಮ್ಮ ರೂಮಿನಲ್ಲಿ ಬಾಗಿಲಿದೆ, ಕಿಟಕಿಯಿದೆ, ಬೀರು ಇದೆ. ಅಳೆದಾಗ 57 ಅನ್ನುವುದು 55ಕ್ಕೋ 59ಕ್ಕೋ ಸರಿದಿರುತ್ತದೆ. ಇದಕ್ಕೆ ರೂಮ್ ಈಕ್ಯೂ ವಿಝರ್ಡ್ ಅನ್ನುವ ತಂತ್ರಾಂಶ ಉಚಿತವಾಗಿ ಸಿಗುತ್ತದೆ, ಬಲ್ಲವರು ಆರ್‌ಇಡಬ್ಲ್ಯೂ ಅನ್ನುತ್ತಾರೆ. ಮೈಕಿಗೆ ದುಡ್ಡು ಕೊಡಬೇಕು. ಯುಮಿಕ್-1 ಅನ್ನುವ ಯುಎಸ್‌ಬಿ ಮೈಕ್ ಹೆಚ್ಚು ಬಳಕೆಯಲ್ಲಿದೆ. ಅದರ ಮೈಮೇಲಿನ ಸೀರಿಯಲ್ ನಂಬರ್ ಹಾಕಿದರೆ ಆ ಒಂದೇ ಮೈಕಿಗಾಗಿ ಮಾಡಿದ ತಿದ್ದುಪಡಿ ಕಡತ ಇಳಿಸಿಕೊಳ್ಳಬಹುದು. ಮೊಬೈಲಿನ ಮೈಕ್ ಮಾತಿಗಾಗಿ ಮಾಡಿದ್ದು, ತಗ್ಗು ಸ್ವರದಲ್ಲಿ ಅದನ್ನು ನಂಬಬೇಡಿ.

ಅಳೆಯುವುದು ರಾತ್ರಿ ಹತ್ತರ ಮೇಲೆ, ಸ್ಕೂಟರುಗಳು ನಿಂತ ಮೇಲೆ ಇರಲಿ. ಫ್ಯಾನ್ ಆಫ್ ಮಾಡಿ. ಮೈಕಿನ ಮೇಲೆ ಗಾಳಿ ಬಿದ್ದರೆ ತಗ್ಗು ಸ್ವರದ ಗೆರೆಯೆಲ್ಲ ಗಲೀಜಾಗುತ್ತದೆ. ಮೈಕನ್ನು ಸ್ಟ್ಯಾಂಡಿನಲ್ಲಿ, ನೀವು ಕೂತಾಗ ಕಿವಿ ಇರುವ ಎತ್ತರಕ್ಕೆ ನಿಲ್ಲಿಸಿ. ತಂತ್ರಾಂಶ ಸ್ಪೀಕರಿನಿಂದ 20 ಹರ್ಟ್ಜ್‌ನಿಂದ ಮೇಲಕ್ಕೆ ಊಳಿಟ್ಟಂತೆ ಒಂದು ಸ್ವರ ಏರಿಸುತ್ತದೆ. ಸದ್ದು 75 ಡೆಸಿಬೆಲ್ ಆಸುಪಾಸು ಸಾಕು. ಎಡ ಸ್ಪೀಕರ್ ಬೇರೆ, ಬಲ ಬೇರೆ. ತಲೆ ಇರುವ ಜಾಗದ ಸುತ್ತ ಗೇಣುಗೇಣು ಸರಿಸಿ ಹಲವು ಅಳತೆ ತೆಗೆದು ಸರಾಸರಿ ಮಾಡಿ. ಒಂದೇ ಬಿಂದುವಿನಲ್ಲಿ ಅಳೆದು ತಿದ್ದಿದರೆ, ಕಾಫಿ ಲೋಟ ತಗೊಳ್ಳಲು ಬಾಗಿದ ಕೂಡಲೇ ತಿದ್ದುಪಡಿ ಕೈಕೊಡುತ್ತದೆ.

ಅಳೆಯುವ ಮುಂಚೆ ಇನ್ನೊಂದು ಕೆಲಸ, ಇದನ್ನು ಬಹಳ ಮಂದಿ ಮಾಡುವುದಿಲ್ಲ. ಆರ್‌ಇಡಬ್ಲ್ಯೂನಲ್ಲೇ ಇರುವ ಜನರೇಟರಿನಿಂದ ಒಂದೇ ಸ್ವರವನ್ನು 40ರಿಂದ 120 ಹರ್ಟ್ಜ್‌ವರೆಗೆ ನಿಧಾನ ಏರಿಸುತ್ತಾ ರೂಮಿನಲ್ಲಿ ಓಡಾಡಿ. ಸರಸ್ವತಿಪುರಂನ ಸ್ನೇಹಿತರೊಬ್ಬರ ಮನೆಯಲ್ಲಿ ಹೀಗೆ ಮಾಡುತ್ತಿದ್ದಾಗ 60 ದಾಟುತ್ತಿದ್ದ ಹಾಗೇ ಕಬ್ಬಿಣದ ಬೀರುವಿನ ಬಾಗಿಲು ಝರ್ ಅಂದಿತು. ಬಾಗಿಲಿಗೆ ಅಂಗೈ ಒತ್ತಿದರೆ ಸದ್ದಿಲ್ಲ, ತೆಗೆದರೆ ಝರ್. ಇನ್ನಷ್ಟು ಏರಿಸಿದರೆ ಶೋಕೇಸಿನ ಗಾಜು, ಅದು ನಿಂತರೆ ಗೋಡೆಗೆ ತೂಗುಹಾಕಿದ್ದ ಫೋಟೊದ ಹಿಂದಿನ ರಟ್ಟು. ಅವರು ಅದುವರೆಗೆ ಸ್ಪೀಕರಿನ ಕೋನ್ ಹರಿದಿದೆ ಅಂದುಕೊಂಡಿದ್ದರು. ಬೀರುವಿನ ಬಾಗಿಲ ಸಂದಿಗೆ ಮಡಿಸಿದ ರಟ್ಟು, ಗಾಜಿಗೆ ರಬ್ಬರ್ ತುಂಡು ಸಿಗಿಸಿದ ಮೇಲೆ ಆ ಮನೆಯ ಅರ್ಧ ದೂರು ಮುಗಿಯಿತು. ಬೀರುವಿನ ಝರ್‌ಗುಡುವಿಕೆಯನ್ನು ಯಾವ ಫಿಲ್ಟರೂ ತೆಗೆಯಲಾರದು.

ಈಗ ಫಿಲ್ಟರ್. ಪ್ಯಾರಾಮೆಟ್ರಿಕ್ ಈಕ್ವಲೈಸರಿನಲ್ಲಿ ಪ್ರತಿ ಫಿಲ್ಟರಿಗೂ ಮೂರು ಅಂಕಿ: ಯಾವ ಆವರ್ತ, ಎಷ್ಟು ಡೆಸಿಬೆಲ್, ಎಷ್ಟು ಅಗಲ. ಅಗಲಕ್ಕೆ ಕ್ಯೂ ಅನ್ನುತ್ತಾರೆ. ಕ್ಯೂ ಹೆಚ್ಚಿದಷ್ಟೂ ಫಿಲ್ಟರ್ ಸಣ್ಣ ಸಂದಿಯಲ್ಲಿ ಕೆಲಸ ಮಾಡುತ್ತದೆ. ನಿಮ್ಮ ರೂಮಿನಲ್ಲಿ 57ಕ್ಕೆ 8 ಡೆಸಿಬೆಲ್ ಇಳಿಕೆ, ಕ್ಯೂ 5. 47ಕ್ಕೆ 4 ಇಳಿಕೆ. 113ಕ್ಕೆ 3, 4 ಇಳಿಕೆ — ಉದಾಹರಣೆಗೆ ಹೇಳುತ್ತಿದ್ದೇನೆ, ನಿಜವಾದ ಅಂಕಿ ಅಳತೆಯಿಂದ ಬರಲಿ. ಆರ್‌ಇಡಬ್ಲ್ಯೂ ತಾನೇ ಲೆಕ್ಕ ಹಾಕಿಕೊಡುತ್ತದೆ. ಅದರ ಪರದೆಯಲ್ಲಿ ಗರಿಷ್ಠ ಎತ್ತುವಿಕೆ ಅಂತ ಕೇಳುವ ಕಡೆ ಸೊನ್ನೆ ಬರೆಯಿರಿ, ತಿದ್ದುವ ವ್ಯಾಪ್ತಿ 40ರಿಂದ 250 ಅಂತ ಕೊಡಿ. ಬಿಟ್ಟರೆ ಅದು 20 ಸಾವಿರದವರೆಗೂ ಇಸ್ತ್ರಿ ಮಾಡಲು ಹೊರಡುತ್ತದೆ. ಎಡಕ್ಕೂ ಬಲಕ್ಕೂ ನಾಲ್ಕೈದು ಫಿಲ್ಟರ್ ಮೀರಬೇಡಿ.

ಈ ಕಡಿತದ ಸೊಗಸು ಏನೆಂದರೆ ಸದ್ದಿನ ಮಟ್ಟದ ಜೊತೆಗೆ ಎಳೆತವೂ ಕಡಿಮೆಯಾಗುತ್ತದೆ. ತಗ್ಗು ಸ್ವರದ ಇಂಥ ಉಬ್ಬಿನಲ್ಲಿ ಮಟ್ಟವೂ ಎಳೆತವೂ ಒಂದಕ್ಕೊಂದು ಕಟ್ಟಿಕೊಂಡಿರುತ್ತವೆ. ಆವರ್ತ, ಅಗಲ ಎರಡೂ ಸರಿಯಾಗಿ ಕೂತ ಫಿಲ್ಟರ್ ಉಬ್ಬನ್ನು ಇಳಿಸಿದರೆ ಅನುರಣನದ ಬಾಲವೂ ಮೊಟಕಾಗುತ್ತದೆ. ಮೃದಂಗದ ಎರಡು ಪೆಟ್ಟಿನ ನಡುವೆ ಮೌನ ಮತ್ತೆ ಕೇಳತೊಡಗುತ್ತದೆ. ನಿಮ್ಮ ಕಿವಿಗೆ ಮೊದಲು ಗೊತ್ತಾಗುವುದು ಅದೇ.

ಫಿಲ್ಟರುಗಳನ್ನು ಹಾಕಲು ವಿಂಡೋಸಿನಲ್ಲಿ ಈಕ್ವಲೈಸರ್ ಎಪಿಒ ಸಾಕು, ಅದೂ ಉಚಿತ, ಆರ್‌ಇಡಬ್ಲ್ಯೂ ಕಡತ ಅದಕ್ಕೆ ನೇರ ಹೋಗುತ್ತದೆ. ಎರಡು ಕಡೆ ಎಚ್ಚರ. ಸಂಗೀತ ನುಡಿಸುವ ತಂತ್ರಾಂಶವನ್ನು ಎಎಸ್‌ಐಒ ಅಥವಾ ಎಕ್ಸ್‌ಕ್ಲೂಸಿವ್ ಮೋಡಿಗೆ ಇಟ್ಟಿದ್ದರೆ ಸದ್ದು ಈ ಈಕ್ವಲೈಸರನ್ನು ಬಳಸಿಕೊಳ್ಳದೆ ಪಕ್ಕದಿಂದ ಹೊರಟುಹೋಗುತ್ತದೆ. ‘ಹಾಕಿದೆ ಸಾರ್, ಏನೂ ವ್ಯತ್ಯಾಸ ಇಲ್ಲ’ ಅನ್ನುವವರಲ್ಲಿ ಅನೇಕರ ಕಥೆ ಇದು. ಇನ್ನು ವಿಂಡೋಸ್ ದೊಡ್ಡ ಅಪ್‌ಡೇಟ್ ಆದ ಮೇಲೆ ಅದು ಕಳಚಿಕೊಂಡಿರಬಹುದು, ಮತ್ತೊಮ್ಮೆ ಸಾಧನ ಆಯ್ಕೆ ಮಾಡಿಕೊಡಬೇಕು. ಮಗ ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್ ಬಲ್ಲವನಾದರೆ ಅದರಲ್ಲಿ ಕ್ಯಾಮಿಲ್ಲಾಡಿಎಸ್‌ಪಿ ತಂತ್ರಾಂಶ ಹಾಕಿಕೊಡಲಿ, ಅದು ಇನ್ನೂ ಅಚ್ಚುಕಟ್ಟು.

250ರ ಮೇಲೆ ಯಾಕೆ ಬೇಡ? ರೂಮಿನ ಗಾತ್ರ 34 ಘನ ಮೀಟರ್. ಶಬ್ದವಿಜ್ಞಾನಿ ಮ್ಯಾನ್‌ಫ್ರೆಡ್ ಶ್ರೋಡರ್ ಕೊಟ್ಟ ಸೂತ್ರಕ್ಕೆ ಅರ್ಧ ಸೆಕೆಂಡಿನ ಪ್ರತಿಧ್ವನಿ ಕಾಲ ಹಾಕಿದರೆ 240 ಚಿಲ್ಲರೆ ಹರ್ಟ್ಜ್ ಬರುತ್ತದೆ. ಅದರ ಕೆಳಗೆ ರೂಮಿನ ದರ್ಬಾರು, ಮೇಲೆ ಸ್ಪೀಕರಿನದು. ಮೇಲೆ ನೂರಾರು ಪ್ರತಿಫಲನಗಳು ಮೈಕಿಗೆ ಒಟ್ಟಿಗೆ ಬಂದು ಗೆರೆ ಗರಗಸದ ಹಾಗೆ ಕಾಣುತ್ತದೆ. ಮೈಕಿಗೆ ಎಲ್ಲ ಒಂದೇ. ಕಿವಿ ಮಾತ್ರ ನೇರ ಬಂದದ್ದನ್ನೂ ಗೋಡೆಯಿಂದ ಬಂದದ್ದನ್ನೂ ಬೇರ್ಪಡಿಸಿ ಅರ್ಥ ಮಾಡಿಕೊಳ್ಳುತ್ತದೆ. ಒಳ್ಳೆಯ ಸ್ಪೀಕರಿನ ಸಮನಾದ ನೇರ ದನಿಯನ್ನು ಆ ಗರಗಸ ನೋಡಿ ತಿದ್ದಿದರೆ ಹಾಳಾಗುವುದೇ ಹೆಚ್ಚು. ಸ್ಪೀಕರ್ ಸಂಶೋಧನೆಯಲ್ಲಿ ದೊಡ್ಡ ಹೆಸರಾದ ಫ್ಲಾಯ್ಡ್ ಟೂಲ್ ಈ ಎಚ್ಚರಿಕೆಯನ್ನು ಮತ್ತೆ ಮತ್ತೆ ಹೇಳಿದ್ದಾರೆ. ಮೇಲಿನ ಭಾಗಕ್ಕೆ ಬೇಕಾದದ್ದು ಬಟ್ಟೆ, ಪುಸ್ತಕ. ರೂಮಿನ ಮಧ್ಯೆ ನಿಂತು ಒಂದು ಚಪ್ಪಾಳೆ ಹೊಡೆಯಿರಿ. ಟರ್ರ್ ಅಂತ ಬಾಲ ಕೇಳಿಸಿದರೆ ನಿಮ್ಮ ನುಣುಪು ನೆಲ, ಬರಿ ಗೋಡೆಗಳ ಕೆಲಸ ಅದು. ದಪ್ಪ ಜಮಖಾನ, ಮಡಿಕೆ ಮಡಿಕೆಯಾದ ಪರದೆ, ಹಿಂದಿನ ಗೋಡೆಗೆ ತುಂಬಿದ ಪುಸ್ತಕದ ಕಪಾಟು. ಮೇಷ್ಟ್ರ ಮನೆಯಲ್ಲಿ ಪುಸ್ತಕಕ್ಕೆ ಬರವಿರಲಾರದು.

ರಾತ್ರಿಯ ಸಪ್ಪೆತನ ಬೇರೆ ವಿಷಯ, ಅದಕ್ಕೆ ರೂಮು ಹೊಣೆಯಲ್ಲ. ಸದ್ದು ಇಳಿದಷ್ಟೂ ಕಿವಿ ತಗ್ಗು ಸ್ವರಗಳಿಗೆ ಹೆಚ್ಚು ಮಂದವಾಗುತ್ತದೆ. ಫ್ಲೆಚರ್, ಮನ್ಸನ್ ಅನ್ನುವ ಇಬ್ಬರು ವಿಜ್ಞಾನಿಗಳು 1933ರಲ್ಲೇ ಇದರ ಗೆರೆ ಹಾಕಿ ತೋರಿಸಿದರು. ಹಗಲಿನ ಮಟ್ಟದಿಂದ 20 ಡೆಸಿಬೆಲ್ ಇಳಿಸಿದರೆ 60 ಹರ್ಟ್ಜ್ ಸುತ್ತಿನ ಸದ್ದು ಕಿವಿಗೆ ಇನ್ನೂ 7 ಡೆಸಿಬೆಲ್‌ನಷ್ಟು ಹೆಚ್ಚೇ ಇಳಿದಂತೆ ಕೇಳಿಸುತ್ತದೆ. ಹಳೇ ಆಂಪ್ಲಿಫೈಯರುಗಳಲ್ಲಿ ಲೌಡ್‌ನೆಸ್ ಅಂತ ಒಂದು ಸ್ವಿಚ್ಚು ಇರುತ್ತಿತ್ತಲ್ಲ, ಅದು ಇದಕ್ಕೇ. ‘ರಾತ್ರಿ’ ಅಂತ ಇನ್ನೊಂದು ಸೆಟ್ಟಿಂಗ್ ಉಳಿಸಿಕೊಳ್ಳಿ: ಹಗಲಿನ ಫಿಲ್ಟರುಗಳೆಲ್ಲ ಹಾಗೇ ಇರಲಿ, ಜೊತೆಗೆ 100 ಹರ್ಟ್ಜ್ ಕೆಳಗೆ 4, 5 ಡೆಸಿಬೆಲ್ ಏರಿಸುವ ಒಂದು ಲೋ ಶೆಲ್ಫ್. ಎತ್ತಬೇಡಿ ಅಂದವನೇ ಎತ್ತಿ ಅನ್ನುತ್ತಿದ್ದೇನೆ. ಇಲ್ಲಿ ತುಂಬಬೇಕಾದ ಗುಂಡಿ ಇಲ್ಲ, ಸದ್ದೂ ಸಣ್ಣದು, ಆಂಪ್ಲಿಫೈಯರಿಗೆ ಬೇಕಾದಷ್ಟು ಬಿಡುವಿದೆ. ಎಷ್ಟು ಎತ್ತುತ್ತೀರೋ ಅಷ್ಟನ್ನು ಪ್ರೀಆಂಪ್ ಅನ್ನುವ ಕಡೆ ಮೊದಲೇ ಇಳಿಸಿ. ಇಲ್ಲದಿದ್ದರೆ ಡಿಜಿಟಲ್ ಮಟ್ಟ ಸೊನ್ನೆ ಡೆಸಿಬೆಲ್ ದಾಟಿ ಅಲೆಯ ತಲೆ ಕತ್ತರಿಸಿಹೋಗುತ್ತದೆ. 6 ಡೆಸಿಬೆಲ್ ಇಳಿಸಿದರೆ ಒಂದು ಬಿಟ್ ಹೋಗುತ್ತದೆ ಅಂತ ಕೆಲವರು ಹೆದರಿಸುತ್ತಾರೆ. ಸೀಡಿಯದು 16 ಬಿಟ್, ಔಟ್‌ಪುಟ್ 24ಕ್ಕೆ ಇಟ್ಟರೆ ಕಳೆದುಕೊಳ್ಳುವುದು ಏನೂ ಇಲ್ಲ.

ಹಳೇ ಧ್ವನಿಮುದ್ರಣಗಳ ವಿಷಯದಲ್ಲಿ ಕೈ ತಡೆದು ಮಾಡಿ. 78 ಆರ್‌ಪಿಎಂ ತಟ್ಟೆಗಳು ಮೋನೋ. ನಮ್ಮ ಜಯಚಾಮರಾಜೇಂದ್ರ ಒಡೆಯರು ಹಣ ಕೊಟ್ಟು ಎಚ್‌ಎಂವಿಯಿಂದ ಮಾಡಿಸಿದ, ರಷ್ಯದ ಸಂಗೀತಗಾರ ಮೆಟ್ನರನ ಮುದ್ರಿಕೆಗಳಿಂದ ಹಿಡಿದು ಚೌಡಯ್ಯನವರ ಪಿಟೀಲಿನವರೆಗೆ ಎಲ್ಲ. ಅವನ್ನು ಯಾರಾದರೂ ಸ್ಟೀರಿಯೊ ಪಿಕಪ್ಪಿನಿಂದ ಇಳಿಸಿದ್ದರೆ ಎಡ ಬಲ ಎರಡರಲ್ಲೂ ಸಂಗೀತ ಒಂದೇ, ಸರಸರ ಮಾತ್ರ ಬೇರೆ ಬೇರೆ. ಈಕ್ವಲೈಸರ್ ಎಪಿಒನಲ್ಲಿ ಎರಡನ್ನೂ ಅರ್ಧರ್ಧ ಕೂಡಿಸಿ ಮೋನೋ ಮಾಡಿ, ಸಂಗೀತ ಹಾಗೇ ಉಳಿದು ಸರಸರ ಸುಮಾರು 3 ಡೆಸಿಬೆಲ್ ಇಳಿಯುತ್ತದೆ. 40ರ ಕೆಳಗಿನ ಗುಡುಗುಡು ಕತ್ತರಿಸಿ, 7 ಸಾವಿರದ ಮೇಲೆ ಮೆಲ್ಲಗೆ ಇಳಿಸಿ. ಅಷ್ಟು ಸಾಕು. ಗದ್ದಲ ತೆಗೆಯುವ ತಂತ್ರಾಂಶಗಳನ್ನು ಕರ್ನಾಟಕ ಸಂಗೀತದ ಮೇಲೆ ಬಿಡಬೇಡಿ. ಒಂದೇ ಸಮನೆ ಇರುವ ಸದ್ದೆಲ್ಲ ಗದ್ದಲ ಅನ್ನುವುದು ಅವುಗಳಲ್ಲಿ ಬಹಳಷ್ಟರ ತಿಳಿವಳಿಕೆ, ಮಾತಿಗಾಗಿ ಮಾಡಿದವುಗಳಲ್ಲಂತೂ ಹೌದು. ಕಚೇರಿಯಲ್ಲಿ ಒಂದೇ ಸಮನೆ ಇರುವುದು ತಂಬೂರಿ. ಮೊದಲು ಅದು ಹೋಗುತ್ತದೆ, ಆಮೇಲೆ ವೀಣೆಯ ಮೀಟಿನ ಕೊನೆಯ ಎಳೆ.

ಹಾಲಿಗೆ ನೀರು ಅನ್ನುವ ಗೆಳೆಯರಿಗೆ ಎಲ್‌ಪಿ ಇಷ್ಟವೇ ಕೇಳಿ. ಎಲ್‌ಪಿ ಕೆತ್ತುವಾಗ ತಗ್ಗು ಸ್ವರ ಇಳಿಸಿ, ಮೇಲಿನ ಸ್ವರ ಏರಿಸಿ ಕೆತ್ತುತ್ತಾರೆ. ನುಡಿಸುವಾಗ ಫೋನೊ ಆಂಪ್ಲಿಫೈಯರ್ 20 ಹರ್ಟ್ಜ್‌ನಲ್ಲಿ 19 ಡೆಸಿಬೆಲ್ ಚಿಲ್ಲರೆ ಏರಿಸಿ ಅದನ್ನು ಸರಿದೂಗಿಸುತ್ತದೆ. 1954ರಿಂದ ಆರ್‌ಐಎಎ (ಅಮೆರಿಕದ ಧ್ವನಿಮುದ್ರಣ ಉದ್ಯಮದ ಸಂಘ) ಗೆರೆ ಅಂತ ಅದಕ್ಕೊಂದು ಕಟ್ಟಳೆಯೇ ಇದೆ. ನಾವು ಕಡಿಯುತ್ತಿರುವುದು 8 ಡೆಸಿಬೆಲ್, ಅದೂ ಗೋಡೆ ಸೇರಿಸಿದ್ದನ್ನು.

ವಯಸ್ಸು 61 ಅಂದಿದ್ದೀರಿ. ಟ್ರೆಬಲ್ ಸಾಲದು ಅನ್ನಿಸುತ್ತಿದ್ದರೆ ಗುಂಡಿ ತಿರುಗಿಸುವ ಮೊದಲು ಒಂದು ಶ್ರವಣ ಪರೀಕ್ಷೆ ಮಾಡಿಸಿಕೊಳ್ಳಿ. ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಮೈಸೂರಿನವರಿಗೆ ಕೈಗೆಟಕುವ ದೂರದಲ್ಲಿ. ಸಾಮಾನ್ಯವಾಗಿ 250ರಿಂದ 8 ಸಾವಿರ ಹರ್ಟ್ಜ್‌ವರೆಗೆ ಎರಡೂ ಕಿವಿ ಬೇರೆ ಬೇರೆ ಅಳೆದು ಗೆರೆ ಹಾಕಿಕೊಡುತ್ತಾರೆ. ಹಾಡುಗಾರರು ಸ್ವಲ್ಪ ಎಡಕ್ಕೆ ಸರಿದಂತೆ ಕೇಳಿಸುವುದಕ್ಕೆ ಸ್ಪೀಕರಿನ ಬದಲು ಬಲಗಿವಿ ಕಾರಣವಾಗಿರುವುದುಂಟು. ವಯಸ್ಸಿನ ಇಳಿಕೆಯನ್ನು ಸ್ಪೀಕರಿನಲ್ಲಿ ಸರಿಮಾಡಲು ಹೋದರೆ ಪಕ್ಕದಲ್ಲಿ ಕೂತ ಮೊಮ್ಮಗಳು ಕಿವಿ ಮುಚ್ಚಿಕೊಳ್ಳುತ್ತಾಳೆ.

ಕೊನೆಗೆ ಟಿವಿ. ಲ್ಯಾಪ್‌ಟಾಪಿನ ಫಿಲ್ಟರುಗಳು ಟಿವಿಯ ಸದ್ದಿಗೆ ಅನ್ವಯಿಸುವುದಿಲ್ಲ. ಎರಡಕ್ಕೂ ಬೇಕಾದರೆ ಮಿನಿಡಿಎಸ್‌ಪಿ 2x4 ಎಚ್‌ಡಿ ಥರದ ಪುಟ್ಟ ಪೆಟ್ಟಿಗೆ ಆಂಪ್ಲಿಫೈಯರಿಗೆ ಮುಂಚೆ ಕೂರಬೇಕು. ಲ್ಯಾಪ್‌ಟಾಪ್ ಯುಎಸ್‌ಬಿಯಿಂದ, ಟಿವಿ ಆಪ್ಟಿಕಲ್ ತಂತಿಯಿಂದ ಅದಕ್ಕೆ ಬರುತ್ತವೆ, ಅದೇ ನಾಲ್ಕೈದು ಫಿಲ್ಟರುಗಳನ್ನು ಅದರೊಳಗೆ ಬರೆದಿಟ್ಟರೆ ಆಯಿತು. ಮಗ ಲೀನಿಯರ್ ಫೇಸ್ ಎಫ್‌ಐಆರ್ ಅನ್ನುವ ಇನ್ನೊಂದು ಬಗೆಯ ಫಿಲ್ಟರ್ ಹಾಕೋಣ ಅಂದರೆ ಟಿವಿಗೆ ಬೇಡ ಅನ್ನಿ. 65,536 ಟ್ಯಾಪಿನ (ಅಂದರೆ ಅಷ್ಟು ಗುಣಾಂಕಗಳ) ಅಂಥ ಫಿಲ್ಟರ್ 48 ಕಿಲೋಹರ್ಟ್ಜ್‌ನಲ್ಲಿ ಸದ್ದನ್ನು ಅರ್ಧ ಸೆಕೆಂಡಿಗೂ ಹೆಚ್ಚು ತಡ ಮಾಡುತ್ತದೆ, ತುಟಿ ಒಂದು ಕಡೆ ಮಾತು ಒಂದು ಕಡೆ ಆಗುತ್ತದೆ. ಟಿವಿಯಲ್ಲಿರುವ ಆಡಿಯೊ ಡಿಲೇ ಸೆಟ್ಟಿಂಗ್ ಸದ್ದನ್ನು ಇನ್ನಷ್ಟು ಹಿಂದಕ್ಕೆ ತಳ್ಳಬಲ್ಲದು, ಮುಂದಕ್ಕೆ ಎಳೆಯಲಾರದು. ಮೇಲೆ ಹೇಳಿದ ಪ್ಯಾರಾಮೆಟ್ರಿಕ್ ಫಿಲ್ಟರುಗಳಿಂದ ಈ ತೊಂದರೆ ಇಲ್ಲ.